ಅಜ್ಜನ ಕೋವಿ ಮಾರುವ ಮೊದಲು ನಳಿಗೆ ಬಿಚ್ಚಿ ನೋಡಿ

2023ರ ದಸರಾ ಕಳೆದ ಮೇಲೆ ನಮ್ಮ ಅಜ್ಜನ ಜೋಡು ನಳಿಗೆ ಕೋವಿಯನ್ನು 40 ಸಾವಿರಕ್ಕೆ ಕೊಟ್ಟುಬಿಟ್ಟೆ. ಏನು ಕಳೆದುಕೊಂಡೆ ಅಂತ ಗೊತ್ತಾಗಲು ಐದು ತಿಂಗಳು ಹಿಡಿಯಿತು. ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಡೆ ಇಂಥ ಹಳೇ ಕೋವಿ ಇರುವ ಮನೆಗಳು ಬೇಕಾದಷ್ಟಿವೆ. ಅವರಲ್ಲಿ ಒಬ್ಬರಾದರೂ ಇದನ್ನು ಓದಿ ತಡೆದು ನಿಲ್ಲಲಿ ಅಂತ ಬರೆಯುತ್ತಿದ್ದೇನೆ.

ಇಂಗ್ಲಿಷ್ ಪ್ಲಾಂಟರ್ ಒಬ್ಬರು ತೋಟ ಮಾರಿ ಊರಿಗೆ ಹೊರಟಾಗ ಅಜ್ಜ ಕೊಂಡ ಕೋವಿ ಅದು. ಹೊರಗಡೆಯೇ ಎರಡು ಕುದುರೆ, ಅಂದರೆ ಹಿಂದಕ್ಕೆ ಎಳೆದು ಈಡು ಹೊಡೆಯುವ ಸುತ್ತಿಗೆಯಂಥ ಭಾಗ, ಇರುವ ಹಳೇ ಮಾದರಿ. ನಳಿಗೆಯ ಮೇಲೆ ಕಂದು ಬಣ್ಣದ ಸುರುಳಿ ಗೆರೆಗಳು, ನೀರಿನ ಅಲೆಯ ಹಾಗೆ. ಜೊತೆಗೊಂದು ತೊಗಲಿನ ಪೆಟ್ಟಿಗೆ. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಬಂತು. ನಾನು ಅದರಲ್ಲಿ ಒಂದು ಈಡೂ ಹೊಡೆದವನಲ್ಲ. ಮನೆ ಸೂರು ಸೋರುತ್ತಿತ್ತು, ದುಡ್ಡು ಬೇಕಿತ್ತು. ಮಾರೋಣ ಅಂದುಕೊಂಡೆ.

ಮೊದಲ ತಪ್ಪು ನನ್ನದೇ. ಹೊಳೆಯುತ್ತಿದ್ದರೆ ಜಾಸ್ತಿ ಬೆಲೆ ಬರುತ್ತೆ ಅಂತ ಲೇತ್ ಅಂಗಡಿಗೆ ಒಯ್ದು ನಳಿಗೆಯನ್ನು ಎಮರಿ ಹಾಕಿ ಉಜ್ಜಿಸಿದೆ. ಸುರುಳಿ ಗೆರೆಗಳು ಹೋದವು. ಬೆಳ್ಳಿಯಂತೆ ಫಳಫಳ ಆಯಿತು, ನನಗೆ ಖುಷಿಯೂ ಆಯಿತು. ಅದು ಡಮಾಸ್ಕಸ್ ನಳಿಗೆ ಅಂತ ಆಮೇಲೆ ತಿಳಿದುಕೊಂಡೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿ ಮಾಡಿ, ಸುತ್ತಿ, ಕಾಸಿ ಬೆಸೆದ ಕೆಲಸ. ಆ ಕಂದು ಬಣ್ಣ ಕೊಳೆಯಲ್ಲ. ಗೆರೆ ಎದ್ದು ಕಾಣಲಿ ಅಂತ ಮಾಡಿದವನೇ ಹಾಕಿದ್ದು. ಉಜ್ಜಿದಷ್ಟೂ ಕೆತ್ತನೆ ಸವೆಯುತ್ತದೆ, ಅಂಚು ಮೊಂಡಾಗುತ್ತದೆ, ನಳಿಗೆ ತೆಳುವಾಗುತ್ತದೆ. ಹಳೇ ಕೋವಿಗೆ ಬೆಲೆ ಕಟ್ಟುವವರು ಮೊದಲು ನೋಡುವುದೇ ಇದನ್ನು. ದಯವಿಟ್ಟು ಏನನ್ನೂ ಉಜ್ಜಬೇಡಿ. ಒಣ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು.

ಉಜ್ಜಿಸುವ ದಿನ ಕೋವಿ ಬಿಚ್ಚಿದಾಗ ನನ್ನ ಮಗಳು ಫೋನಿನಲ್ಲಿ ಏಳೆಂಟು ಫೋಟೋ ತೆಗೆದಿದ್ದಳು. ಇವತ್ತು ನನ್ನ ಕೈಯಲ್ಲಿರುವ ಸಾಕ್ಷಿ ಅಷ್ಟೇ.

ಪರಿಚಯದವರ ಮೂಲಕ ಬೆಂಗಳೂರಿನ ಒಬ್ಬ ವ್ಯಾಪಾರಿ ಸಿಕ್ಕರು. ಹೆಸರು ಬರೆಯುವುದಿಲ್ಲ, ದೂರು ನಡೆಯುತ್ತಿದೆ. ಕೋವಿ ನೋಡಿದ ತಕ್ಷಣ, "ಹೆಸರು ಇಂಗ್ಲೆಂಡಿನದು ಸಾರ್, ಮಾಲು ಬೆಲ್ಜಿಯಂದು. ನಕಲಿ" ಅಂದರು. ಒಂದು ನಿಜವನ್ನೂ ಜೊತೆಗೆ ಸೇರಿಸಿದರು. ವೆಸ್ಟ್ಲಿ ರಿಚರ್ಡ್ಸ್ ಅನ್ನುವ ದೊಡ್ಡ ಇಂಗ್ಲಿಷ್ ಕಂಪನಿಯ ಹೆಸರಿಗೆ ಹತ್ತಿರವಾಗುವಂತೆ ಬೆಲ್ಜಿಯಂನವರು 'ಡಬ್ಲ್ಯು. ರಿಚರ್ಡ್ಸ್' ಅಂತ ಕೊರೆದು ಅಗ್ಗದ ಕೋವಿಗಳನ್ನು ರಾಶಿ ರಾಶಿ ಮಾರಿದ್ದು ಹೌದು. ನಮ್ಮ ಕೋವಿಯ ಮೇಲಿದ್ದದ್ದು ಬೇರೆಯೇ ಹೆಸರು. ಆದರೆ ಅವರು ಅಷ್ಟು ವಿವರವಾಗಿ ಹೇಳಿದಾಗ ನಾನು ನಂಬಿದೆ. ಬೆಲೆ ಹೇಳಿದವರೂ ಅವರೇ, ಕೊಂಡವರೂ ಅವರೇ. ಆ ಕ್ಷಣದಲ್ಲಿ ಇದು ಸರಿಯಲ್ಲ ಅಂತ ನನಗೆ ಹೊಳೆಯಲೇ ಇಲ್ಲ.

ಒಂದು ತಿಂಗಳಾದ ಮೇಲೆ ಅವರ ಫೋನ್ ಬಂತು. "ಅದರ ಹಳೇ ಪೆಟ್ಟಿಗೆ ಇತ್ತಾ ಸಾರ್? ಇದ್ದರೆ ಐದು ಸಾವಿರ ಕೊಡ್ತೀನಿ." ವಾರ ಬಿಟ್ಟು ಇನ್ನೊಂದು ಸಲ. ಆಮೇಲೆ ಹತ್ತು ಸಾವಿರ ಅಂದರು. ನಕಲಿ ಕೋವಿಗೆ ಅಸಲಿ ಪೆಟ್ಟಿಗೆ ಯಾಕೆ ಬೇಕು? ಅಲ್ಲಿಂದ ನನಗೆ ಅನುಮಾನ ಶುರುವಾಯಿತು.

ಮೈಸೂರಿನಲ್ಲಿ ಹಳೇ ಕೋವಿಗಳನ್ನು ಬಲ್ಲ ಒಬ್ಬ ಹಿರಿಯರಿದ್ದಾರೆ. ಕೊಳ್ಳುವವರೂ ಅಲ್ಲ, ಮಾರುವವರೂ ಅಲ್ಲ. ಅವರಿಗೆ ಫೋಟೋ ತೋರಿಸಿದೆ. ಅವರು ಮೇಲಿನ ಹೆಸರನ್ನು ನೋಡಲೇ ಇಲ್ಲ. "ಹೆಸರು ಯಾರು ಬೇಕಾದರೂ ಕೊರೆಯಬಹುದು ಮಾರಾಯ, ಅಡಿ ತೋರಿಸು" ಅಂದರು. ನಳಿಗೆ ಬಿಚ್ಚಿದರೆ, ತೋಟೆ (ಕಾರ್ಟ್ರಿಜ್) ಹಾಕುವ ತುದಿಯ ಕೆಳಗೆ ಚಪ್ಪಟೆ ಜಾಗ ಇರುತ್ತದೆ. ನಳಿಗೆ ಈಡಿನ ಹೊಡೆತ ತಾಳುತ್ತದೆಯೇ ಅಂತ ನೋಡಿದ ಪರೀಕ್ಷೆಯ ಮುದ್ರೆಗಳು ಅಲ್ಲಿರುತ್ತವೆ. ಬೆಲ್ಜಿಯಂನ ಲೀಜ್ ಊರಿನಲ್ಲಿ ಪರೀಕ್ಷೆಯಾದ ನಳಿಗೆಗೆ ಮೊಟ್ಟೆಯಾಕಾರದ ಗೆರೆಯೊಳಗೆ ಇ, ಎಲ್, ಜಿ ಅಕ್ಷರಗಳು ಇರುತ್ತವೆ. ನಮ್ಮದರಲ್ಲಿ ಇದ್ದದ್ದು ಕಿರೀಟ, ಅದರ ಕೆಳಗೆ ಅಡ್ಡಡ್ಡ ಇಟ್ಟ ಎರಡು ರಾಜದಂಡ. ಅದು ಬರ್ಮಿಂಗ್‌ಹ್ಯಾಮ್‌ನ ಮುದ್ರೆ. 1813ರಲ್ಲಿ ಶುರುವಾದ ಅಲ್ಲಿನ ಪರೀಕ್ಷಾ ಮನೆಯದು.

ಇನ್ನೂ ಒಂದು ಸಾಲು ಇತ್ತು, 'ನಾಟ್ ಫಾರ್ ಬಾಲ್' ಅಂತ. ಅಂದರೆ ಒಂಟಿ ಗುಂಡು ಹಾಕಬೇಡಿ, ಸಣ್ಣ ಕಾಳಿನಂಥ ಚರೆ ಮಾತ್ರ. ಈ ಮುದ್ರೆ ಹೊಡೆದದ್ದು 1875ರಿಂದ 1887ರವರೆಗೆ ಮಾತ್ರ. ಅಷ್ಟು ಸಣ್ಣ ಮುದ್ರೆಯಿಂದ ಕೋವಿಯ ವಯಸ್ಸು ಹನ್ನೆರಡು ವರ್ಷದ ಅಂತರಕ್ಕೆ ಬಂದು ನಿಂತಿತು. ವ್ಯಾಪಾರಿಯ ಮಾತು ಸುಳ್ಳು ಅಂತ ತಿಳಿಯಲು ಐದು ನಿಮಿಷ ಸಾಕಾಗಿತ್ತು. ಆ ಐದು ನಿಮಿಷ ನಾನು ಮೊದಲೇ ಕೊಡಲಿಲ್ಲ. ಈಗಲೂ ರಾತ್ರಿ ಎಚ್ಚರವಾದರೆ ಅದೇ ನೆನಪಾಗುತ್ತದೆ.

ಕೋವಿಯ ನಂಬರನ್ನೂ ಬರೆದಿಟ್ಟುಕೊಳ್ಳಿ. ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್, ರಿಗ್ಬಿ, ವೆಸ್ಟ್ಲಿ ರಿಚರ್ಡ್ಸ್‌ನಂಥ ಹಳೇ ಕಂಪನಿಗಳ ಲೆಕ್ಕದ ಪುಸ್ತಕಗಳು ಇನ್ನೂ ಉಳಿದಿವೆ. ನಂಬರ್ ಕೊಟ್ಟು ಕೇಳಿದರೆ ಯಾವ ವರ್ಷ ಮಾಡಿದ್ದು, ಯಾರಿಗೆ ಕೊಟ್ಟದ್ದು ಅನ್ನುವುದು ಎಷ್ಟೋ ಸಲ ಸಿಗುತ್ತದೆ. ಅಂಥ ಒಂದು ಕಾಗದ, ಜೊತೆಗೆ ಮೂಲ ಪೆಟ್ಟಿಗೆ ಇದ್ದರೆ ಬೆಲೆಯೇ ಬೇರೆ. 1980ರ ದಶಕದಿಂದ ಹೊರಗಿನ ಕೋವಿ ತರಿಸುವುದು ನಮ್ಮಲ್ಲಿ ಹೆಚ್ಚುಕಡಿಮೆ ನಿಂತೇ ಹೋಗಿರುವುದರಿಂದ, ಇಲ್ಲೇ ಇರುವ ಒಳ್ಳೆ ಇಂಗ್ಲಿಷ್ ಕೋವಿಗೆ ಬೇಡಿಕೆ ಇದ್ದೇ ಇದೆ.

ಟಿಪ್ಪು ಕಾಲದ್ದು ಅಂತ ಹೇಳಿ ಮಾರುವವರೂ ಕೊಳ್ಳುವವರೂ ಈಗ ಜಾಸ್ತಿಯಾಗಿದ್ದಾರೆ. 1793-94ರಲ್ಲಿ ಟಿಪ್ಪುವಿಗಾಗಿ ಮಾಡಿದ ಒಂದು ಬೇಟೆ ಕೋವಿಗೆ 20 ಲಕ್ಷ ಪೌಂಡ್ ಬೆಲೆ ಕಟ್ಟಿ, ಅದು ದೇಶ ಬಿಟ್ಟು ಹೋಗದಂತೆ 2023ರಲ್ಲಿ ಬ್ರಿಟನ್ ಸರ್ಕಾರ ಸ್ವಲ್ಪ ಕಾಲ ತಡೆ ಹಾಕಿತ್ತು. ಆ ಸುದ್ದಿ ಕೇಳಿದವರಿಗೆ ಹುಲಿ ಪಟ್ಟೆ ಕಂಡರೆ ಸಾಕು. ಹುಲಿ ಪಟ್ಟೆಯನ್ನು ಈಗಲೂ ಕೊರೆಯಬಹುದು, ನೆನಪಿರಲಿ.

ನನ್ನ ದೊಡ್ಡ ಕಷ್ಟ ಬೆಲೆಯದ್ದಲ್ಲ, ಕಾಗದದ್ದು. "ಪೇಪರ್ ಎಲ್ಲ ನಾನು ನೋಡ್ಕೋತೀನಿ" ಅಂತ ವ್ಯಾಪಾರಿ ಎರಡು ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡಿದ್ದರು. 2024ರ ಲೋಕಸಭಾ ಚುನಾವಣೆಗೆ ಕೋವಿ ಠೇವಣಿ ಇಡಿ ಅಂತ ಠಾಣೆಯಿಂದ ಕರೆ ಬಂತು. ಕೋವಿ ಇನ್ನೂ ನನ್ನ ಲೈಸೆನ್ಸಿನಲ್ಲೇ ಇತ್ತು, ಮನೆಯಲ್ಲಿ ಇರಲಿಲ್ಲ. ಆ ದಿನ ಠಾಣೆಯ ಬೆಂಚಿನ ಮೇಲೆ ಕೂತದ್ದನ್ನು ನಾನು ಮರೆಯುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ, ಸ್ವಂತ ಕೋವಿ ಮಾರುವವರು ಕೊಳ್ಳುವವರ ಹೆಸರು, ವಿಳಾಸ ಬರೆದು ಡಿಸಿಗೋ ಹತ್ತಿರದ ಠಾಣೆಗೋ ಮೊದಲೇ ತಿಳಿಸಬೇಕು. ತಿಳಿಸಿ 45 ದಿನ ಆಗುವವರೆಗೆ ಕೋವಿ ಕೈ ಬಿಡುವಂತಿಲ್ಲ. ಕೊಳ್ಳುವವರಿಗೂ ಅದನ್ನು ಇಟ್ಟುಕೊಳ್ಳುವ ಹಕ್ಕು ಇರಬೇಕು. ಇದನ್ನು ಬೇರೆಯವರ ಕೈಗೆ ಬಿಡಬೇಡಿ. ನೀವೇ ಕೊಟ್ಟು, ಸ್ವೀಕೃತಿ ಇಸ್ಕೊಳ್ಳಿ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಕೊಡಗಿನ ವಿನಾಯಿತಿ ಇರುವವರು ತಮ್ಮ ಡಿಸಿ ಕಚೇರಿಯಲ್ಲೇ ಕೇಳಿಕೊಳ್ಳುವುದು ಒಳ್ಳೆಯದು. ಹೊರದೇಶದ ಗಿರಾಕಿ ಇದ್ದಾರೆ ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ. ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವುದನ್ನು 1972ರ ಪುರಾತನ ವಸ್ತುಗಳ ಕಾಯ್ದೆ ತಡೆಯುತ್ತದೆ.

ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ ಇರುವವರಿಗೆ ಇನ್ನೊಂದು ಮಾತು. ಅಟ್ಟದಿಂದ ಇಳಿಸಿದ ತಕ್ಷಣ ಅದರಲ್ಲಿ ಮದ್ದು ಇದೆ ಅಂತಲೇ ತಿಳಿಯಿರಿ. ಎಷ್ಟೋ ವರ್ಷದ ಹಿಂದೆ ತುಂಬಿದ ಮದ್ದು ಹಾಗೇ ಉಳಿದಿರುತ್ತದೆ, ಹೊತ್ತಿಕೊಳ್ಳುತ್ತದೆ ಕೂಡ. ಬಾಯಿಗೆ ಮುಖ ಕೊಡದೆ, ಪಕ್ಕದಲ್ಲಿ ನಿಂತು ಮರದ ಕೋಲು ಮೆಲ್ಲಗೆ ಇಳಿಸಿ ಗುರುತು ಹಾಕಿ. ಆ ಉದ್ದವನ್ನು ನಳಿಗೆಯ ಹೊರಗೆ ಇಟ್ಟು ನೋಡಿ. ಕೋಲು ಕಿಡಿ ಹೋಗುವ ತೂತಿನವರೆಗೂ ಇಳಿಯದಿದ್ದರೆ ಒಳಗೆ ಏನೋ ಇದೆ. ನೀವು ತೆಗೆಯಲು ಹೋಗಬೇಡಿ, ಬಲ್ಲವರನ್ನು ಕರೆಯಿರಿ.

ನಾನು ಠಾಣೆಯಲ್ಲಿ ಎಲ್ಲವನ್ನೂ ಬರೆದುಕೊಟ್ಟಿದ್ದೇನೆ, ಖಾಲಿ ಹಾಳೆಯ ವಿಷಯವನ್ನೂ. ಮಗಳು ತೆಗೆದ ಫೋಟೋಗಳನ್ನು ದೂರಿನ ಜೊತೆ ಕೊಟ್ಟಿದ್ದೇನೆ. ಕೋವಿ ಇನ್ನೂ ಸಿಕ್ಕಿಲ್ಲ. ತೊಗಲಿನ ಪೆಟ್ಟಿಗೆ ನಮ್ಮ ಮನೆಯಲ್ಲೇ ಇದೆ, ಮುಚ್ಚಳದ ಒಳಗೆ ಅಂಟಿಸಿದ ಚೀಟಿಯೂ ಹಾಗೇ ಇದೆ. ಅದನ್ನು ನಾನು ಕೊಡುವುದಿಲ್ಲ.