ಸಿರಿಮನೆ ಜಲಪಾತ: ಅತ್ತೆಯವರೂ ನೀರಿಗಿಳಿದರು

ಮನೆಯಲ್ಲಿ ವಯಸ್ಸಾದವರು, ಚಿಕ್ಕ ಮಕ್ಕಳು ಎಲ್ಲರೂ ಇದ್ದೀರಿ, ಎಲ್ಲರಿಗೂ ಜಲಪಾತದ ಕೆಳಗೆ ನಿಲ್ಲೋ ಆಸೆ ಇದೆ ಅಂದ್ರೆ ಸುಮ್ನೆ ಸಿರಿಮನೆಗೆ ಹೋಗಿ. ಶೃಂಗೇರಿಯಿಂದ ಕಿಗ್ಗಕ್ಕೆ ಸುಮಾರು 10 ಕಿ.ಮೀ., ಅಲ್ಲಿಂದ ಮುಂದೆ ಕಾಫಿ ತೋಟಗಳ ನಡುವಿನ ಸಣ್ಣ ರಸ್ತೆ. ಎದುರಿಗೆ ಗಾಡಿ ಬಂದರೆ ಯಾರಾದರೂ ಒಬ್ಬರು ರಿವರ್ಸ್ ತಗೋಬೇಕು, ಅಷ್ಟೇ ಕಷ್ಟ.

ಟಿಕೆಟ್ ತಗೊಂಡು ಮೆಟ್ಟಿಲು ಇಳಿದರೆ ನೀರು ಎದುರಿಗೇ. ಮಂಡಿ ನೋವಿನ ನಮ್ಮ ಅತ್ತೆಯವರು ಕಂಬಿ ಹಿಡಿದುಕೊಂಡು, ನಡುನಡುವೆ ಕೂತು, ನಿಧಾನಕ್ಕೆ ಇಳಿದರು. ಆಮೇಲೆ ನೀರಿಂದ ಎಬ್ಬಿಸೋದೇ ದೊಡ್ಡ ಕೆಲಸ ಆಯ್ತು! ನೀರು ಬಂಡೆಯ ಮೇಲೆ ಅಗಲಕ್ಕೆ ಹರಡಿಕೊಂಡು ಬೀಳುವುದರಿಂದ ಅಂಚಿನಲ್ಲಿ ಮಕ್ಕಳಿಗೆ ತೆಳು ಧಾರೆ ಸಿಗುತ್ತದೆ, ನಡುವೆ ನಿಂತರೆ ಬೆನ್ನಿಗೆ ಪಟಪಟ ಅಂತ ಸರಿಯಾಗಿಯೇ ಬಡಿಯುತ್ತದೆ. ಮೊದಲ ಐದು ನಿಮಿಷ ಹಲ್ಲು ಕಟಕಟ ಅನ್ನುತ್ತೆ, ಆಮೇಲೆ ಮೈ ಒಗ್ಗಿಕೊಳ್ಳುತ್ತೆ.

ಆದರೆ ಉದ್ದಕ್ಕೆ ಈಜು ಹೊಡೆಯಬೇಕು ಅಂತ ಬರುವವರಿಗೆ ಇಲ್ಲಿ ನಿರಾಸೆಯೇ. ನೀರಲ್ಲಿ ಕೂತು ಆಡೋಕೆ ಚೆನ್ನಾಗಿದೆ. ಕಲ್ಲುಗಳ ಮೇಲೆ ಪಾಚಿ ಜಾಸ್ತಿ, ಮೇಲಿಂದ ಹಾರೋ ಸಾಹಸ ಖಂಡಿತ ಬೇಡ. ಜುಲೈ, ಆಗಸ್ಟಲ್ಲಿ ನೋಡೋಕೆ ಭರ್ಜರಿ, ಆದರೆ ಆಗಿನ ರಭಸಕ್ಕೆ ನೀರಿಗಿಳಿಯುವ ಮಾತೇ ಇಲ್ಲ. ಜೊತೆಗೆ ಇಂಬಳ (ಜಿಗಣೆ) ಕಾಟ ಬೇರೆ. ಸ್ನಾನಕ್ಕೆ ಅಂತಲೇ ಹೋಗುವುದಾದರೆ ಅಕ್ಟೋಬರ್‌ನಿಂದ ಡಿಸೆಂಬರ್ ಸರಿ.

ಬೇಜಾರಾಗಿದ್ದು ಜನಜಂಗುಳಿ ನೋಡಿ. ಭಾನುವಾರ ಮಧ್ಯಾಹ್ನ ಹೊತ್ತಿಗೆ ಧಾರೆಯ ಕೆಳಗೆ ನಿಲ್ಲೋಕೆ ಸರದಿ ಕಾಯಬೇಕು, ಬ್ಲೂಟೂತ್ ಸ್ಪೀಕರ್ ತರುವ ಪುಣ್ಯಾತ್ಮರೂ ಇರುತ್ತಾರೆ. ಕಲ್ಲಿನ ಸಂದಿಯಲ್ಲಿ ಶಾಂಪೂ ಪ್ಯಾಕೆಟ್ ಸಿಕ್ಕಿಕೊಂಡಿತ್ತು. ಕಾಡಿನ ಹಳ್ಳಕ್ಕೆ ಶಾಂಪೂ ಯಾಕೆ ಬೇಕು ಹೇಳಿ?

ನಡೆಯೋ ಹುರುಪು ಇರುವವರಿಗೆ ಕಿಗ್ಗದಿಂದಲೇ ನರಸಿಂಹ ಪರ್ವತದ ಚಾರಣ ಇದೆ, ಎತ್ತರ 1,152 ಮೀಟರ್. ಆಗುಂಬೆ ಘಟ್ಟದ ಸಾಲಿನಲ್ಲಿ ಎಲ್ಲಕ್ಕಿಂತ ಎತ್ತರದ ತುದಿ ಅದೇ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಮಾಡಿಸಿಕೊಳ್ಳಿ. ಒಂದೇ ದಿನದಲ್ಲಿ ಎರಡೂ ಮುಗಿಸುವ ಅವಸರ ಮಾತ್ರ ಬೇಡ, ಬೆಟ್ಟ ಇಳಿದ ಕಾಲಿಗೆ ಈ ಮೆಟ್ಟಿಲುಗಳು ಶಿಕ್ಷೆ.

ಹೋಗುವ ದಾರಿಯಲ್ಲೇ ಕಿಗ್ಗದ ಋಷ್ಯಶೃಂಗೇಶ್ವರ ದೇವಸ್ಥಾನ ಸಿಗುತ್ತದೆ. ಮಳೆ ಬರಲಿ ಅಂತಲೂ ಇಲ್ಲಿ ಪೂಜೆ ಮಾಡಿಸುತ್ತಾರೆ, ವಿಪರೀತ ಸುರಿದಾಗ ನಿಲ್ಲಲಿ ಅಂತಲೂ ಇಲ್ಲೇ ಬರುತ್ತಾರೆ. ಬೆಳಿಗ್ಗೆ ಬೇಗ ಜಲಪಾತಕ್ಕೆ ಹೋಗಿ, ವಾಪಸ್ ಬರುವಾಗ ಕೈಮುಗಿದು ಹೊರಟರೆ ಶೃಂಗೇರಿ ಮಠದ ಮಧ್ಯಾಹ್ನದ ಪ್ರಸಾದಕ್ಕೆ ಆರಾಮಾಗಿ ತಲುಪುತ್ತೀರಿ. ನೀರಲ್ಲಿ ಆಡಿ ಬಂದ ಹಸಿವಿಗೆ ಆ ಬಿಸಿ ಅನ್ನ, ಸಾರು ಎರಡೆರಡು ಸಲ ಹಾಕಿಸಿಕೊಂಡೆವು.