ಆಟೋಪೈಲಟ್ ಕೈಕೊಟ್ಟರೆ ಕಂಪ್ಯೂಟರ್ ಡಬ್ಬಿ ಬದಲಿಸುವ ಮೊದಲು ತಂತಿ ನೋಡಿಸಿ

ಹಾಯಿದೋಣಿ ಇಟ್ಟುಕೊಂಡವರಿಗೆ, ಅದರಲ್ಲೂ ಹಳೆಯ ದೋಣಿಯನ್ನು ಗೆಳೆಯರ ಜೊತೆ ಪಾಲಿನಲ್ಲಿ ಕೊಂಡವರಿಗೆ ಈ ಮಾತು. ಆಟೋಪೈಲಟ್, ಅಂದರೆ ದೋಣಿಯ ಚುಕ್ಕಾಣಿಯನ್ನು ತಾನೇ ತಿರುಗಿಸಿ ದಾರಿ ಹಿಡಿದು ನಡೆಸುವ ಸಾಧನ, ತೊಂದರೆ ಕೊಟ್ಟಾಗ ರಿಪೇರಿಗೆ ಯಾರಾದರೂ ಬಂದವರೇ "ಅದರ ಕಂಪ್ಯೂಟರ್ ಹೋಗಿದೆ, ಹೊಸದು ಹಾಕಬೇಕು" ಅಂದರೆ ಒಪ್ಪಬೇಡಿ. ಮೊದಲು ವೋಲ್ಟೇಜ್ ಅಳೆದು ತೋರಿಸಿ ಅನ್ನಿ. ನಮಗೆ ಸಾವಿರಕ್ಕೂ ಜಾಸ್ತಿ ಪೌಂಡ್ ಹೋಯಿತು. ಅದು ಹೋಗಲಿ. ರಿಪೇರಿಯವರು "ಸರಿಯಾಗಿದೆ" ಎಂದು ಹೇಳಿ ನಮ್ಮನ್ನು ಮತ್ತೆ ಹಡಗುಗಳ ನಡುವೆ ಕಳಿಸಿದರಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ದೋಣಿ ಇರುವುದು ಇಂಗ್ಲೆಂಡಿನ ಸೌತಾಂಪ್ಟನ್ ಹತ್ತಿರ, ಹ್ಯಾಂಬಲ್ ನದಿಯಲ್ಲಿ. ಬೇಸಿಗೆ ಬಂದರೆ ಇಲ್ಲಿಂದ ಫ್ರಾನ್ಸಿನ ಶೆರ್ಬೂರ್ಗ್‌ಗೆ ಹೋಗಿಬರುವುದು ರೂಢಿ. ನೀಡಲ್ಸ್ ಬಂಡೆಗಳನ್ನು ದಾಟಿದರೆ ಸುಮಾರು 60 ನಾಟಿಕಲ್ ಮೈಲಿ ಬರೀ ಕಡಲು. ಆ ದಾರಿಯಲ್ಲಿ ಮೊದಲು ಎಡಗಡೆಯಿಂದ ಹಡಗುಗಳು ಬರುತ್ತವೆ, ಅರ್ಧ ದಾಟಿದ ಮೇಲೆ ಬಲಗಡೆಯಿಂದ. ದೊಡ್ಡ ಕಂಟೇನರ್ ಹಡಗೊಂದು ದೂರದಲ್ಲಿ ಕಂಡ ಮೇಲೆ ಪಕ್ಕಕ್ಕೆ ಬರಲು ಅರ್ಧ ಗಂಟೆಯೂ ಬೇಡ.

ನಮಗೆ ಕೈಕೊಟ್ಟದ್ದು ಅಲ್ಲೇ. ವಾಯವ್ಯದ ಗಾಳಿ, ಹಿಂದಿನಿಂದ ಓರೆಯಾಗಿ ಬರುವ ಅಲೆ. ಇಂಥ ಅಲೆ ದೋಣಿಯ ಹಿಂಬದಿಯನ್ನು ತಳ್ಳಿದಾಗಲೆಲ್ಲ ಚುಕ್ಕಾಣಿ ತಿರುಗಿಸುವ ಮೋಟಾರು ಜೋರಾಗಿ ದುಡಿಯಬೇಕು. ಒಂದು ಅಲೆಗೆ ಗಾಳಿ, ಆಳ, ವೇಗ ತೋರಿಸುವ ಪರದೆಗಳೆಲ್ಲ ಒಟ್ಟಿಗೆ ಕಪ್ಪಾಗಿ, ಮತ್ತೆ ಹೊತ್ತಿಕೊಂಡವು. ಅಷ್ಟರಲ್ಲಿ ಆಟೋಪೈಲಟ್ ಚುಕ್ಕಾಣಿ ಬಿಟ್ಟಿತ್ತು. ದೋಣಿ ತಾನಾಗಿ ಗಾಳಿಯ ಕಡೆಗೆ ತಿರುಗುತ್ತಿತ್ತು. ಬಲಗಡೆ ಹಡಗು ಕಾಣುತ್ತಿತ್ತು. ಗೆಳೆಯ ಪಕ್ಕದಲ್ಲೇ ಕೂತಿದ್ದರಿಂದ ಚುಕ್ಕಾಣಿಯ ಚಕ್ರ ಹಿಡಿದುಕೊಂಡ. ಅಲ್ಲಿಂದ ಶೆರ್ಬೂರ್ಗ್ ತನಕ ಸರದಿಯ ಮೇಲೆ ಕೈಯಲ್ಲೇ ನಡೆಸಿದೆವು.

ವಾಪಸ್ ಬಂದ ಮೇಲೆ ರಿಪೇರಿಯವರನ್ನು ಕರೆಸಿದೆವು. ಬ್ಯಾಟರಿಗೆ ಮೀಟರ್ ಇಟ್ಟರು, 12.6 ವೋಲ್ಟ್ ಬಂತು. "ಕರೆಂಟ್ ಚೆನ್ನಾಗಿದೆ, ಕಂಪ್ಯೂಟರೇ ಹೋಗಿದೆ" ಎಂದರು. ಹೊಸದು ಬಂತು. ನಿಂತ ನೀರಿನಲ್ಲಿ, ಕಟ್ಟಿದ ದೋಣಿಯಲ್ಲಿ ಗುಂಡಿ ಒತ್ತಿ ನೋಡಿದರು, ಚುಕ್ಕಾಣಿ ಚೆನ್ನಾಗಿ ತಿರುಗಿತು. ಮುಂದಿನ ಸಲ ಅಲೆ ಎದ್ದ ಕೂಡಲೇ ಅದೇ ಕಥೆ. ಆಗ ಅವರು, ದಿಕ್ಕು ತೋರುವ ಸೆನ್ಸರ್ ಬದಲಿಸೋಣ ಎಂದರು!

ಕೊನೆಗೆ ತಪ್ಪು ಹಿಡಿದದ್ದು ಪಕ್ಕದ ದೋಣಿಯ ಹಿರಿಯರು. ಹಡಗಿನಲ್ಲಿ ಎಲೆಕ್ಟ್ರಿಷಿಯನ್ ಆಗಿ ದುಡಿದು ನಿವೃತ್ತರಾದವರು. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಆಟೋಪೈಲಟ್‌ನ ನೆಗೆಟಿವ್‌ಗೆ ಇಟ್ಟರು. ಮೋಟಾರು ಸುಮ್ನೆ ಇದ್ದಾಗ ಸೊನ್ನೆ. ನಾವು ಚಕ್ರವನ್ನು ಬಿಗಿಯಾಗಿ ಹಿಡಿದು, ಮೋಟಾರು ಅದರ ವಿರುದ್ಧ ಎಳೆಯುವ ಹಾಗೆ ಮಾಡಿದಾಗ 2 ವೋಲ್ಟ್‌ಗೂ ಮೇಲೆ. ಅಷ್ಟೂ ತಂತಿಯಲ್ಲೇ ಸೋರಿಹೋಗುತ್ತಿತ್ತು. ಹಿಂಬದಿಯ ಹಾಸಿಗೆ ಕೆಳಗೆ, ನೆಗೆಟಿವ್ ತಂತಿಗಳೆಲ್ಲ ಸೇರುವ ತಾಮ್ರದ ಪಟ್ಟಿಯ ಹತ್ತಿರ ಒಂದು ಕೀಲು ಪೂರಾ ಹಸಿರು ಕಿಲುಬು ಹಿಡಿದಿತ್ತು. ಉಪ್ಪುನೀರಿನ ಕೆಲಸ.

ಇದನ್ನು ದಯವಿಟ್ಟು ನೆನಪಿಡಿ. ಕಿಲುಬು ಹಿಡಿದ ಕೀಲು, ಕರೆಂಟ್ ಜಾಸ್ತಿ ಹರಿಯದಿದ್ದರೆ ಮೀಟರಿಗೆ ಸಿಕ್ಕುವುದಿಲ್ಲ. ಹರಿದಾಗಲೇ ವೋಲ್ಟೇಜ್ ಬೀಳುವುದು. ಅದಕ್ಕೇ ಬಂದರಿನಲ್ಲಿ ಎಲ್ಲ ಸರಿ, ಕಡಲಲ್ಲಿ ಎಲ್ಲ ತಪ್ಪು. ಇಂಥ ಮುಖ್ಯ ಸಾಧನಗಳಿಗೆ ಹೋಗಿಬರುವ ತಂತಿ ಎರಡರಲ್ಲೂ ಸೇರಿ ವೋಲ್ಟೇಜ್ 3 ಶೇಕಡಾಕ್ಕಿಂತ ಹೆಚ್ಚು ಬೀಳಬಾರದು ಎನ್ನುವುದು ದೋಣಿ ವೈರಿಂಗ್‌ನಲ್ಲಿ ಪಾಲಿಸುವ ಲೆಕ್ಕ. 12 ವೋಲ್ಟ್‌ಗೆ ಅದು 0.36 ವೋಲ್ಟ್, ಅಷ್ಟೇ.

ಇನ್ನೊಂದು ತೊಂದರೆ ಇದರ ಜೊತೆ ಬೆರೆತು ನಮ್ಮೆಲ್ಲರ ತಲೆ ಕೆಡಿಸಿತ್ತು. ಕೆಲವೊಮ್ಮೆ ಕರೆಂಟ್ ಹೋಗದೆಯೂ ದೋಣಿ ನಿಧಾನವಾಗಿ ದಾರಿ ತಪ್ಪುತ್ತಿತ್ತು. ಪರದೆಯಲ್ಲಿ ಮಾತ್ರ ದಿಕ್ಕು ಕದಲುತ್ತಲೇ ಇರಲಿಲ್ಲ. ದಿಕ್ಕಿನ ಸೆನ್ಸರ್ ಇದ್ದ ಕಪಾಟಿನ ಆಚೆ ಬದಿಯಲ್ಲಿ ಊಟದ ತಗಡಿನ ಡಬ್ಬಿಗಳಿದ್ದವು. ದೋಣಿ ವಾಲಿದರೆ ಅವೂ ಜಾರುತ್ತಿದ್ದವು. ಕಬ್ಬಿಣ ಹತ್ತಿರ ಬಂದರೆ ಸೆನ್ಸರ್ ಸುಳ್ಳು ಹೇಳುತ್ತದೆ, ಆಟೋಪೈಲಟ್ ಆ ಸುಳ್ಳನ್ನೇ ನಂಬಿ ತಿರುಗುತ್ತದೆ. ಅಲಾರಂ ಹೊಡೆಯುವುದೂ ಇಲ್ಲ, ಅದರ ಲೆಕ್ಕದಲ್ಲಿ ಅದು ಸರಿಯಾಗೇ ಹೋಗುತ್ತಿದೆ ಅಲ್ವಾ? ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ಇದೇ. ಚಕ್ರದ ಮುಂದಿನ ಸಾದಾ ದಿಕ್ಸೂಚಿಯನ್ನು ಆಗಾಗ ನೋಡಿ. ಪರದೆಯ ಅಂಕಿ ಅದಕ್ಕೆ ತಾಳೆಯಾಗದಿದ್ದರೆ ಸೆನ್ಸರ್ ಸುತ್ತ ಕಡಿಮೆ ಎಂದರೆ ಒಂದು ಮೀಟರ್ ಜಾಗದಿಂದ ಸ್ಪೀಕರ್, ಡಬ್ಬಿ, ಸಲಕರಣೆ ಎಲ್ಲ ತೆಗೆಯಿರಿ. ಆಮೇಲೆ ಶಾಂತ ನೀರಿನಲ್ಲಿ ದೋಣಿಯನ್ನು ನಿಧಾನವಾಗಿ ಸುತ್ತು ಹೊಡೆಸಿ ಸೆನ್ಸರನ್ನು ಮತ್ತೆ ಹೊಂದಿಸಬೇಕು.

ರಿಪೇರಿಯವರು ಹೋಗುವಾಗ ಹೊಸ ತೊಂದರೆಯನ್ನೂ ಬಿಟ್ಟು ಹೋಗಿದ್ದರು. ಆಳದ ಅಂಕಿ ಬಂದು ಬಂದು ಮಾಯವಾಗುತ್ತಿತ್ತು. ಉಪಕರಣಗಳನ್ನು ಜೋಡಿಸುವ ಎನ್‌ಎಂಇಎ 2000 ಕೇಬಲ್ಲಿನ ಎರಡೂ ತುದಿಗೆ 120 ಓಮ್‌ನ ಟರ್ಮಿನೇಟರ್, ಅಂದರೆ ತುದಿ ಮುಚ್ಚುವ ರೆಸಿಸ್ಟರ್, ಇರಬೇಕು. ಕರೆಂಟ್ ಆರಿಸಿ ಬಿಳಿ ಮತ್ತು ನೀಲಿ ತಂತಿಗಳ ನಡುವೆ ಅಳೆದರೆ, ಎರಡೂ ಸಮಾಂತರವಾಗಿ ಇರುವುದರಿಂದ, ಸುಮಾರು 60 ಓಮ್ ಬರಬೇಕು. ನಮ್ಮಲ್ಲಿ 120 ಬಂತು. ಒಂದನ್ನು ಬಿಚ್ಚಿದವರು ಮತ್ತೆ ಹಾಕಿರಲಿಲ್ಲ.

ಹಣ ವಾಪಸ್ ಕೇಳಿದೆವು. ಹಾಕಿದ ಭಾಗ ಹಿಂದಕ್ಕೆ ತಗೊಳ್ಳುವುದಿಲ್ಲ ಎಂದರು. ಹಾಗಾಗಿ ಯಾವ ಭಾಗಕ್ಕೂ ಹೂಂ ಅನ್ನುವ ಮೊದಲು ಮೋಟಾರು ಎಳೆಯುತ್ತಿರುವಾಗ ಆಟೋಪೈಲಟ್ ತುದಿಯಲ್ಲಿ ಎಷ್ಟು ವೋಲ್ಟ್ ಇತ್ತು, ಕೇಬಲ್ಲಿನಲ್ಲಿ ಎಷ್ಟು ಓಮ್ ಬಂತು, ಎರಡನ್ನೂ ಅಂದಾಜು ಪಟ್ಟಿಯಲ್ಲೇ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಬೇರೆಯವರನ್ನು ಕರೆಯಿರಿ.