ಎರಡು ಸ್ಪೀಡಿನ ಮೋಟಾರ್: ಡಾಲಾಂಡರ್, ಡಬಲ್ ವೈಂಡಿಂಗ್, ಡ್ರೈವ್ ಮೂರೂ ಹಾಕಿ ನೋಡಿದ ಮೇಲೆ

ಬೆಳಗಾವಿಯ ಉದ್ಯಮಬಾಗದ ನಮ್ಮ ಶೆಡ್ಡಿನಲ್ಲಿ ಮೂರು ಹಳೇ ಲೇತ್ ಇವೆ. ಮೋಟಾರಿನ ಸ್ಪೀಡು ಬದಲಿಸಲು ಒಂದೊಂದಕ್ಕೂ ಒಂದೊಂದು ಬಗೆ ಹಾಕಿ ನೋಡಿದ್ದೇನೆ. ನನ್ನ ಓಟು ಡಾಲಾಂಡರ್‌ಗೆ. ಜಾಸ್ತಿ ಕಾಟ ಕೊಟ್ಟದ್ದೂ ಅದೇ ಅನ್ನಿ.

ಅದರಲ್ಲಿ ವೈಂಡಿಂಗ್, ಅಂದರೆ ಒಳಗಿನ ತಾಮ್ರದ ಸುತ್ತು, ಒಂದೇ. ಆರು ತಂತಿಗಳ ಜೋಡಣೆ ಬದಲಿಸಿದರೆ 8 ಪೋಲ್ (ಅಯಸ್ಕಾಂತದ ಧ್ರುವ) ಇದ್ದದ್ದು 4 ಆಗುತ್ತದೆ. 710ರ ಆಸುಪಾಸಿನ ಆರ್‌ಪಿಎಂ 1,440ಕ್ಕೆ ಏರುತ್ತದೆ.

ಒಮ್ಮೆ ಅದು ಸುಟ್ಟಿತು, ರೀವೈಂಡಿಂಗ್‌ಗೆ ಕೊಟ್ಟೆ. ವಾಪಸ್ ಬಂದಾಗ ಆರು ತಂತಿಗೆ ಒಂದೂ ಟ್ಯಾಗ್ ಇಲ್ಲ. "ಸ್ಟಾರ್-ಡೆಲ್ಟಾ ಐತ್ರಿ ಸರ" ಅಂದ ನಮ್ಮ ಎಲೆಕ್ಟ್ರಿಷಿಯನ್. ಮೀಟರ್ ಹಿಡಿದು ತೋರಿಸಿದೆ. ಸ್ಟಾರ್-ಡೆಲ್ಟಾ, ಅಂದರೆ ಆರು ತಂತಿಯ ಮಾಮೂಲಿ ಒಂದೇ ಸ್ಪೀಡಿನ ಮೋಟಾರ್ ಆಗಿದ್ದರೆ ಮೂರು ಬೇರೆ ಬೇರೆ ಜೋಡಿ ಸಿಗಬೇಕು. ಇಲ್ಲಿ ಆರೂ ಒಂದಕ್ಕೊಂದು ಬೀಪ್ ಅನ್ನುತ್ತಿದ್ದವು. ಡಾಲಾಂಡರ್ ಗುರುತು ಅದು.

ಅಂತೂ ಜೋಡಿಸಿದೆವು. ಸ್ಲೋ ಸರಿಯಾಗಿ ತಿರುಗಿತು. ಓಡುತ್ತಿರುವಾಗಲೇ ಟರ್ನರ್ ಫಾಸ್ಟ್‌ಗೆ ಹಾಕಿದ. ಮೋಟಾರ್ ಉಲ್ಟಾ! ನಮ್ಮ ಲೇತಿನ ಚಕ್ (ಜಾಬ್ ಹಿಡಿಯುವ ಭಾಗ) ತಿರುಗುವ ಸ್ಪಿಂಡಲ್‌ನ ಥ್ರೆಡ್ ಮೇಲೆ ಕೂರುವಂಥದ್ದು. ಸ್ಪಿಂಡಲ್ ಹಿಂದಕ್ಕೆ, ಭಾರದ ಚಕ್ ಮುಂದಕ್ಕೆ. ಎರಡು ಸುತ್ತು ಕಳಚಿತ್ತು, ಅಷ್ಟರಲ್ಲಿ ಮೇನ್ ಆಫ್ ಮಾಡಿದೆ. ಕೈಕಾಲು ತಣ್ಣಗಾಗಿದ್ದವು.

ಕಾರಣ ಆಮೇಲೆ ಹೊಳೆಯಿತು. 4 ಪೋಲ್‌ನಲ್ಲಿ 120 ಡಿಗ್ರಿ ಅಂತರದಲ್ಲಿದ್ದ ಫೇಸ್‌ಗಳು 8 ಪೋಲ್‌ನಲ್ಲಿ 240 ಆಗುತ್ತವೆ. ಅಂದರೆ ಸರದಿಯೇ ತಿರುಗಿಬಿಡುತ್ತದೆ. ಒಂದು ಸ್ಪೀಡಿನಲ್ಲಿ ಎರಡು ಫೇಸ್ ಅದಲುಬದಲು ಮಾಡಲೇಬೇಕು. ಹೊಸ ಮೋಟಾರಿನ ಟರ್ಮಿನಲ್ ಗುರುತಿನಲ್ಲಿ ಇದು ಮೊದಲೇ ಸೇರಿರುತ್ತದೆ. ಟ್ಯಾಗ್ ಹೋದರೆ ಅದೂ ಹೋಯಿತು. ಈಗ ಬಿಚ್ಚುವ ಮೊದಲು ಫೋಟೊ ತೆಗೆಯುತ್ತೇನೆ, ಚಕ್ ಇಳಿಸಿಯೇ ಟ್ರಯಲ್ ನೋಡುತ್ತೇನೆ.

ಫಾಸ್ಟ್‌ನಿಂದ ಸ್ಲೋಗೆ ಹಾಕಿದರೆ ಬ್ರೇಕ್ ಹಿಡಿದಂತೆ ಜಗ್ಗುತ್ತದೆ. ನಿಲ್ಲಿಸಿ ಬದಲಿಸಿದರಾಯಿತು.

ಡಬಲ್ ವೈಂಡಿಂಗ್‌ನಲ್ಲಿ ಈ ತಲೆನೋವು ಕಡಿಮೆ, ಎರಡೂ ಬೇರೆ ಬೇರೆ. ಡಾಲಾಂಡರ್‌ನಂತೆ ಒಂದಕ್ಕೆರಡು ಅನ್ನುವ ಕಟ್ಟೂ ಇಲ್ಲ. ನನ್ನದು 4/6 ಪೋಲ್, 1,440 ಮತ್ತು 950ರ ಸುಮಾರು. ಆದರೆ ತಂತಿ ಕೂರುವ ಸ್ಲಾಟಿನ ಜಾಗ ಎರಡು ವೈಂಡಿಂಗ್‌ಗೆ ಹಂಚಬೇಕಲ್ಲ, ಅದೇ ಪವರ್‌ಗೆ ದೊಡ್ಡ ಬಾಡಿ. ಬ್ರಾಕೆಟ್ ಹೊಸದಾಗಿ ಮಾಡಿಸಬೇಕಾಯಿತು. ಸುಟ್ಟರೆ ತಾಮ್ರದ ಖರ್ಚೂ ಜಾಸ್ತಿ.

ಡ್ರೈವ್, ಅಂದರೆ ಕರೆಂಟಿನ ಫ್ರೀಕ್ವೆನ್ಸಿ ಬದಲಿಸಿ ಸ್ಪೀಡು ಬದಲಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಸುಖ. ಗುಂಡಿ ತಿರುಗಿಸಿದರೆ ಬೇಕಾದ ಸ್ಪೀಡು. ಆದರೆ ನಮ್ಮದು ಬೀಡಿನ (ಎರಕದ ಕಬ್ಬಿಣದ) ಕೆಲಸ. ಕಪ್ಪು ಪುಡಿ ಒಳಗೆ ಕೂತು ಎರಡನೇ ಮಳೆಗಾಲಕ್ಕೇ ಡ್ರೈವಿನ ಸರ್ಕ್ಯೂಟ್ ಕಾರ್ಡ್ ಹೋಯಿತು. ತೀರಾ ನಿಧಾನ ಓಡಿಸಿದರೆ ಮೋಟಾರಿನ ಫ್ಯಾನೂ ನಿಧಾನ, ಬಾಡಿ ಬಿಸಿ. ಧೂಳಿಲ್ಲದ ಶೆಡ್ ಇದ್ದವರು ಸುಮ್ನೆ ಇದನ್ನೇ ತಗೊಳ್ಳಿ.

ನಾನು ದೊಡ್ಡ ಫ್ಲ್ಯಾಂಜ್‌ಗೆ ಸ್ಲೋ, ಸಣ್ಣ ಬುಷ್‌ಗೆ ಫಾಸ್ಟ್ ಇಡುತ್ತೇನೆ. ನಡುವಿನದ್ದಕ್ಕೆ ಗೇರ್ ಇದೆ. ಡ್ರೈವ್ ಹೋದ ಲೇತಿಗೂ ಈಗ ಸೆಕೆಂಡ್‌ಹ್ಯಾಂಡ್ ಡಾಲಾಂಡರ್ ಹುಡುಕುತ್ತಿದ್ದೇನೆ. ಟ್ಯಾಗ್ ಇದ್ದರೆ ಮಾತ್ರ.